ನೀಲಾ ಬರೆದ ಮೊದಲ ಮಾತು

ಮೂರು ತಿಂಗಳ ಹಿಂದೆ ನನ್ನ ಬಲಗೈ ತೋರುಬೆರಳಿಗೆ ಬ್ಯಾಂಡೇಜು ಬಿದ್ದಿತ್ತು. ಆಫೀಸಿನಲ್ಲಿ ಕೇಳಿದವರಿಗೆಲ್ಲ ಬಾಗಿಲಿಗೆ ಸಿಕ್ಕಿತು ಎಂದೆ. ಸುಳ್ಳು. ಕಚ್ಚಿದ್ದು ನನ್ನ ವಿದ್ಯಾರ್ಥಿನಿ.

ವಿದ್ಯಾರ್ಥಿನಿ ಎಂದರೆ ಇಳಕಲ್ಲಿನಲ್ಲಿರುವ ನನ್ನ ತಂಗಿ ಅನಸೂಯಾಳ ಮಗಳು ನೀಲಾ. ಒಂಬತ್ತು ವರ್ಷ. ಮಾತಿಲ್ಲ. ಕರೆದರೆ ತಿರುಗಿ ನೋಡುವುದಿಲ್ಲ. ಹುಬ್ಬಳ್ಳಿಯ ಡಾಕ್ಟರೊಬ್ಬರು ಚೀಟಿಯಲ್ಲಿ ‘ಆಟಿಸಂ’ ಎಂದು ಬರೆದುಕೊಟ್ಟಿದ್ದರು. ನಾನು ಆ ಚೀಟಿ ಹಿಡಿದು ಬಾಗಲಕೋಟೆಯ ಔಷಧಿ ಅಂಗಡಿಗೆ ಹೋಗಿ, ಇದು ಮಾತ್ರೆಯೋ ಟಾನಿಕ್ಕೋ ಎಂದು ಕೇಳಿದ ಮಹಾನುಭಾವ. (ನಗಬೇಡಿ. ಅಂಗಡಿಯವನೂ “ಸ್ಟಾಕ್ ಇಲ್ರಿ, ಸೋಮವಾರ ಬರ್ತೈತಿ” ಎಂದ.)

ಪ್ರತಿ ಭಾನುವಾರ ನಾನು ಇಳಕಲ್ಲಿಗೆ ಹೋಗುತ್ತೇನೆ. ಚಹಾ ಆದ ಮೇಲೆ ಅಂದಿನ ಪೇಪರಿನಲ್ಲಿ ಬಂದ ನನ್ನ ಅಂಕಣವನ್ನು ಮನೆಮಂದಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತೇನೆ. (ಅವರ ಓಣಿಗೆ ಇನ್ನೂ ಟೀವಿ ಬಂದಿಲ್ಲ.) ಆ ಹೊತ್ತಿಗೇ ನೀಲಾ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹಣೆ ಊದಿಕೊಳ್ಳುತ್ತಿತ್ತು. ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತದ್ದೂ ಆಯಿತು. ನಾನು ಮಾತ್ರ ಓದು ನಿಲ್ಲಿಸಲಿಲ್ಲ. ಗದ್ದಲದಲ್ಲಿ ಕೇಳಿಸಲಿ ಎಂದು ದನಿ ಏರಿಸುತ್ತಿದ್ದೆ.

“ಅಣ್ಣಾ, ನೀ ಪೇಪರಿಗೆ ಬರಿಯಾಂವ. ನನ್ನ ಮಗಳಿಗೂ ಬರಿಯೂದು ಕಲಿಸು. ಆಕಿ ನೌಕರಿ ಮಾಡೂದು ಬ್ಯಾಡ. ತನಗ ಏನಾಗೇತಿ ಅಂತ ತೋರಿಸಿದ್ರ ಸಾಕು,” ಎಂದು ಅನಸೂಯಾ ಕಣ್ಣೊರೆಸಿಕೊಂಡಳು.

ಬರೆಯುವುದು ನನಗೆ ಗೊತ್ತಿಲ್ಲವೇ? ಕೈ ಹಿಡಿದು ತಿದ್ದಿಸಿದರಾಯಿತು. ಪಾಟಿಯ ಮೇಲೆ ದೊಡ್ಡದಾಗಿ ‘ಅ’ ಬರೆದು ನೀಲಾಳ ಕೈ ಹಿಡಿದೆ. ಕಚ್ಚಿದಳು. ಮುಂದಿನ ವಾರ ಇನ್ನಷ್ಟು ಗಟ್ಟಿಯಾಗಿ ಹಿಡಿದೆ. ಇನ್ನಷ್ಟು ಗಟ್ಟಿಯಾಗಿ ಕಚ್ಚಿದಳು. ಅನಸೂಯಾ ಪಾಟಿ ಕಸಿದುಕೊಂಡಳು.

“ಮುಟ್ಟಿದ್ರ ಆಕಿಗೆ ಆಗೂದಿಲ್ಲ. ಬಿಡು, ನಾ ನೋಡ್ತೇನಿ.”

ಅವಳ ಗಂಡ ನೇಕಾರ. ಸೀರೆಯ ನಕ್ಷೆ ತೆಗೆಯುವ ಅವನ ಗ್ರಾಫ್ ಕಾಗದವೆಂದರೆ ನೀಲಾಗೆ ಪ್ರಾಣ. ದಿನವಿಡೀ ಆ ಚೌಕಗಳ ಮೇಲೆ ಬೆರಳಾಡಿಸುತ್ತಿದ್ದಳು. ಅದನ್ನೇ ಕತ್ತರಿಸಿ ಅನಸೂಯಾ ಚೀಟಿ ಮಾಡಿದಳು. ಕೊಡದ ಮೇಲೆ ‘ನೀರು’. ಬುಟ್ಟಿಯ ಮೇಲೆ ‘ರೊಟ್ಟಿ’. ನನ್ನ ಅಂಗಿಯ ಮೇಲೆ ‘ಮಾಮಾ’. ನೀಲಾ ಹಾಗಲಕಾಯಿ ಪಲ್ಯ ದೂಡಿದಾಗಲೆಲ್ಲ ಎದುರಿಗೆ ‘ಬ್ಯಾಡ’. ಮಗು ನೋಡಿ ನೋಡಿ, ಪೆನ್ಸಿಲ್ ಹಿಡಿದು ಚೌಕದೊಳಗೆ ಹಾಗೆಯೇ ಇಳಿಸತೊಡಗಿತು. (ಅ, ಆ, ಇ, ಈ ಬಿಟ್ಟು ನೇರ ರೊಟ್ಟಿಗೆ ಹೋದರೆ ತಳಪಾಯದ ಗತಿಯೇನು ಎಂದು ನಾನು ಕೇಳಿದೆ. ಅನಸೂಯಾ ಮುಂದಿನ ಚೀಟಿ ಕತ್ತರಿಸಿದಳು.)

ಕಳೆದ ಭಾನುವಾರ ಚಹಾ ಮುಗಿಸಿ, ಪೇಪರು ಬಿಡಿಸಿ, ಕೆಮ್ಮಿ, ಓದು ಶುರು ಮಾಡಿದೆ. ಎರಡನೇ ಪ್ಯಾರಾಕ್ಕೆ ನೀಲಾ ಗೋಡೆಯ ಕಡೆ ನಡೆದಳು. ನಿಂತಳು. ತಿರುಗಿ ಬಂದಳು. ಪೆನ್ಸಿಲ್ ಎತ್ತಿಕೊಂಡು ನನ್ನ ಅಂಕಣದ ಮೇಲೆ, ಅದರಲ್ಲಿದ್ದ ನನ್ನ ಫೋಟೋದ ಮೀಸೆಯಿಂದ ಆರಂಭಿಸಿ, ಉದ್ದಕ್ಕೂ ಬರೆದಳು: ಬ್ಯಾಡ.

ನಾನು ಬಾಯಿ ಮುಚ್ಚಿದೆ. ನೀಲಾ ಮತ್ತೆ ಗೋಡೆಯ ಕಡೆ ಹೋಗಲಿಲ್ಲ.

“ಹೇಳಿದ್ಳೋ ಅಣ್ಣಾ! ನನ್ನ ಮಗಳು ಹೇಳಿದ್ಳು!” ಅನಸೂಯಾ ಅಳುತ್ತ ನಗುತ್ತಿದ್ದಳು. ಮಗ್ಗದ ಸದ್ದಿನಲ್ಲೂ ನಿದ್ದೆ ಹೋಗುವ ಹುಡುಗಿಗೆ ನನ್ನ ದನಿ ತಡೆಯಲಾಗುವುದಿಲ್ಲ ಎಂದು ಯಾರಿಗೆ ಹೊಳೆದಿತ್ತು? ಇಷ್ಟು ದಿನ ಆ ಪುಟ್ಟ ಹಣೆ ಊದಿಸಿದ್ದು ನಾನು. ನಾಚಿಕೆಯಾಯಿತು. ಖುಷಿಯೂ ಆಯಿತು.

“ಇನ್ನ ಮ್ಯಾಲೆ ಮನಸಿನ್ಯಾಗ ಓದ್ಕೊರ್ರಿ. ನಮಗೂ ಅಷ್ಟ ಬೇಕಾಗಿತ್ತು,” ಎಂದ ತಂಗಿಯ ಗಂಡ, ನನ್ನ ಮುಖ ನೋಡದೆ.

ಒಂದೇ ಒಂದು ಪದ ಬರೆಯಲು ನೀಲಾ ಮೂರು ತಿಂಗಳು ಒದ್ದಾಡಿದಳು. ಓದುಗ ಮಹಾಶಯರೇ, ನಿಮಗೆ ಆ ಪದ ಬರೆಯಲು ಬರುತ್ತಿತ್ತಲ್ಲ, ಈ ಅಂಕಣ ಓದಿಯೂ ನೀವ್ಯಾಕೆ ಇಷ್ಟು ವರ್ಷ ಸುಮ್ಮನಿದ್ದಿರಿ?