ಹೊಟ್ಟೆಯಿಂದ ತಳ್ಳುವ ಟ್ರಾಲಿ

ಇವತ್ತು ಆಯುಧಪೂಜೆ. ಬೆಳಿಗ್ಗೆಯೇ ಶೆಡ್ಡಿಗೆ ಹೋಗಿ ಮರ ಕೊಯ್ಯುವ ಮಿಷನ್ ಒರೆಸುತ್ತಿದ್ದೆ. ಅದರ ಮೇಜು ಜಾರುವ ಹಳಿಯ ಸಂದಿಗೆ ಬಟ್ಟೆ ತೂರಿಸಿ ಎಳೆದರೆ ಬಟ್ಟೆಗೆ ಕೆಂಪು ಹತ್ತಿತು. ಗಾಬರಿಯಾಗಬೇಡಿ, ರಕ್ತವಲ್ಲ. ಅದು ಕುಂಕುಮ. ಹಳೆಯ ಕುಂಕುಮ, ಎಣ್ಣೆ ಕುಡಿದು ಕಪ್ಪಾಗಿ ಗಟ್ಟಿಯಾದದ್ದು. ಪ್ರತಿ ವರ್ಷ ಉಜ್ಜುತ್ತೇನೆ, ಪ್ರತಿ ವರ್ಷವೂ ಒಂದಿಷ್ಟು ಉಳಿದಿರುತ್ತದೆ. ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ. ಹರಳೆಣ್ಣೆ ಮತ್ತು ಮರದ ಪುಡಿಯ ವಾಸನೆ. ಭಾವ ನೆನಪಾದ.

ಭಾವನ ಕತೆಗೆ ಮೊದಲು ಈ ಶೆಡ್ಡಿನ ಕತೆ ಹೇಳಬೇಕು. ಹಿರಿಯೂರಿನಲ್ಲಿ ಮನೆ ಕಟ್ಟಿಸುವಾಗ ಕಾರಿಗೆಂದು ಇದನ್ನೂ ಕಟ್ಟಿಸಿದೆ. ಕಾರು ಬರಲಿಲ್ಲ. ಬಬ್ಬೂರಿನ ಕೃಷಿ ಫಾರಂನಿಂದ ನಿವೃತ್ತನಾದ ಮೇಲೆ ಅಲ್ಲಿ ಮರಗೆಲಸ ಶುರು ಮಾಡಿದೆ. ನಾನು ಮಾಡಿದ ಮೊದಲ ಸ್ಟೂಲಿನ ಮೂರು ಕಾಲು ನೆಲ ಮುಟ್ಟುತ್ತಿದ್ದವು, ನಾಲ್ಕನೆಯದು ಇನ್ನೂ ಯೋಚನೆ ಮಾಡುತ್ತಿತ್ತು. ಹೆಂಡತಿ ಗಿರಿಜ ಅದರ ಮೇಲೆ ತುಳಸಿ ಕುಂಡ ಇಟ್ಟು ಮರ್ಯಾದೆ ಉಳಿಸಿದಳು. ಕೈ ಪಳಗಿತು. ಬೀದಿಯವರು ಮಣೆ, ಶೆಲ್ಫು, ಮುರಿದ ಮಂಚದ ಕಾಲು ತರತೊಡಗಿದರು. ಮಿಷನ್ ಬಂತು. ಮೇಜಿನ ನಡುವೆ ತಿರುಗುವ ಬ್ಲೇಡು, ಪಕ್ಕದಲ್ಲಿ ಹಲಗೆ ಇಟ್ಟು ಮುಂದಕ್ಕೆ ತಳ್ಳುವ ಜಾರುವ ಮೇಜು. ಒಂದು ಕೈ ಹಲಗೆಯನ್ನು ಒತ್ತಿ ಹಿಡಿಯಬೇಕು, ಇನ್ನೊಂದು ಕೈ ತಳ್ಳಬೇಕು. ಎರಡು ಕೈ ಇದ್ದವನಿಗೆ ಅದೇನು ಮಹಾ!

ಆಮೇಲೆ ಲಕ್ವ ಹೊಡೆಯಿತು. ಕಾಲು ಬಂತು, ಮಾತು ಬಂತು, ಎಡಗೈ ಮಾತ್ರ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಕಾಫಿ ಲೋಟವೂ ಅದಕ್ಕೆ ಭಾರ. ನಾನು ಶೆಡ್ಡಿಗೆ ಬೀಗ ಹಾಕಿದೆ. ಯಾರಾದರೂ ಮಣೆ ಹಿಡಿದುಕೊಂಡು ಬಂದರೆ ಒಳಗಿನಿಂದಲೇ "ಈಗ ಮಾಡಲ್ಲಪ್ಪ" ಎಂದು ಹೇಳಿಸುತ್ತಿದ್ದೆ. ಕೈ ಹೋದದ್ದಕ್ಕಿಂತ ಆ ಮಾತು ಹೇಳಿಸುವುದು ಹೆಚ್ಚು ನೋಯುತ್ತಿತ್ತು. ಮಿಷನ್ ಮಾರಿಬಿಡೋಣ ಎಂದು ಗಿರಿಜಳಿಗೆ ಹೇಳಿದೆ. ಅವಳು ಸೀದಾ ಚಿಕ್ಕಜಾಜೂರಿಗೆ ಫೋನು ಮಾಡಿದಳು.

ಚಿಕ್ಕಜಾಜೂರಿನಲ್ಲಿರುವುದು ಅವಳ ಅಣ್ಣ ರುದ್ರಪ್ಪ. ನನಗೆ ಭಾವ. ಆದರೆ ಅದಕ್ಕೂ ಮೊದಲು ಶಾಲೆಯಲ್ಲಿ ಒಂದೇ ಬೆಂಚಿನವರು. ಹಾಗಾಗಿ ಮದುವೆಯಾದರೂ ನಮ್ಮಿಬ್ಬರ ನಡುವಿನ 'ಲೇ' ಹೋಗಲಿಲ್ಲ. ಅವನು ರೈಲ್ವೆಯಲ್ಲಿ ಟ್ರಾಲಿ ತಳ್ಳುತ್ತಿದ್ದವನು. ಹಳಿ ತಪಾಸಣೆಗೆ ಹೊರಟ ಸಾಹೇಬರನ್ನು ಕೂರಿಸಿಕೊಂಡು, ಹಳಿಯ ಮೇಲೆ ಬರಿಗಾಲಲ್ಲಿ ಓಡುತ್ತ ತಳ್ಳುವುದು, ವೇಗ ಬಂದ ಮೇಲೆ ಹಾರಿ ಕೂರುವುದು. ವಿನಯ ಎನ್ನುವುದು ಅವನ ಹತ್ತಿರ ಸುಳಿದಿಲ್ಲ. ಅವನ ಮಾತು ಕೇಳಿದರೆ ಭಾರತೀಯ ರೈಲ್ವೆ ನಡೆದದ್ದೇ ಅವನ ತಳ್ಳುವಿಕೆಯಿಂದ ಎನಿಸಬೇಕು.

ಬಂದವನೇ ಬೀಗ ತೆಗೆಸಿದ. ಜಾರುವ ಮೇಜನ್ನು ಹಿಂದೆ ಮುಂದೆ ಎಳೆದು ನೋಡಿ ಮುಖ ಸಿಂಡರಿಸಿದ.

"ಇದೇನಲೇ, ಕಬ್ಬಿಣಕ್ಕೆ ಕಬ್ಬಿಣ ಉಜ್ತೈತೆ. ಟ್ರಾಲಿ ಇಂಗಿದ್ದಿದ್ರೆ ನಾನು ಸರ್ವಿಸ್ ಮುಗ್ಸೋಕ್ ಮುಂಚೆ ಸತ್ತೋಗ್ತಿದ್ದೆ."

"ನನಗೆ ಕೈ ಇಲ್ಲ ಕಣೋ."

"ಟ್ರಾಲಿ ಕೈಯಾಗ್ ತಳ್ತಾರೇನಲೇ? ಮೈಯಾಗ್ ತಳ್ತಾರೆ. ಕೈ ಇಲ್ದಿದ್ರೆ ಏನಾತು, ಅಷ್ಟ್ ದೊಡ್ಡ ಹೊಟ್ಟೆ ಐತಲ್ಲ!"

ಗಿರಿಜ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಕ್ಕಳು. ಲಕ್ವ ಹೊಡೆದ ಮೇಲೆ ಅವಳು ನಕ್ಕದ್ದು ಅದೇ ಮೊದಲು ಎಂದು ನನಗೆ ಆಮೇಲೆ ಹೊಳೆಯಿತು.

ಇಬ್ಬರೂ ಚಿತ್ರದುರ್ಗದ ಗುಜರಿ ಅಂಗಡಿಗಳನ್ನು ಸುತ್ತಿ ಜಾರುವ ಗೇಟಿಗೆ ಹಾಕುವ ಗಾಲಿಗಳನ್ನು ತಂದೆವು. ಮೇಜು ಜಾರುತ್ತಿದ್ದ ಹಳೆಯ ಪಟ್ಟಿ ಕಿತ್ತು ಉದ್ದನೆಯ ಹಳಿ ಕೂರಿಸಿದೆವು, ಮೇಜಿನ ಕೆಳಗೆ ಗಾಲಿ ಬಿಗಿದೆವು. ಹಲಗೆಯನ್ನು ಕೈಯ ಬದಲು ಕಚ್ಚಿ ಹಿಡಿಯಲು ಎರಡು ಕ್ಲಾಂಪು. ಮೈ ಬ್ಲೇಡಿನವರೆಗೆ ಹೋಗದಂತೆ ಹಳಿಯ ತುದಿಗೆ ತಡೆ. ಕೊನೆಗೆ, ಒರಗಿ ತಳ್ಳಲು ಹೊಟ್ಟೆಯ ಮಟ್ಟಕ್ಕೆ ಬಾಗಿದ ಬೇವಿನ ಹಲಗೆ. ಇಷ್ಟು ಬರೆಯಲು ಸುಲಭ. ಭಾವ ಹಲಗೆಯ ಎತ್ತರವನ್ನು ತನ್ನ ಹೊಟ್ಟೆಗೆ ಅಳೆದಿದ್ದ. ಅವನು ಗಿಡ್ಡ. ನಾನು ನಿಂತರೆ ಅದು ತೊಡೆಗೆ ಬಡಿಯಿತು. "ನೀನ್ಯಾಕಲೇ ಇಷ್ಟುದ್ದ ಬೆಳ್ದೆ?" ಎಂದು ನನ್ನನ್ನೇ ಬೈದು ಮತ್ತೆ ಬಿಚ್ಚಿದ.

ಕೆಲಸ ಮುಗಿಯುವ ಹೊತ್ತಿಗೆ ದಸರಾ ಬಂತು. ಆಯುಧಪೂಜೆಯ ದಿನ ಮಿಷನ್ ಓಡಿಸುವಂತಿಲ್ಲ, ಪೂಜೆಗೆ ಕೂತ ಆಯುಧಕ್ಕೆ ಅವತ್ತು ರಜೆ. ಗಿರಿಜ ಪೂಜೆ ಮಾಡಿದಳು. ಎಂಥ ಪೂಜೆ! ಗಂಡನ ಕೈ ಮರಳಿ ಬಂದಂತೆ ಸಂಭ್ರಮಪಟ್ಟು, ಒಂದೊಂದು ಗಾಲಿಗೂ ವಿಭೂತಿ, ಕುಂಕುಮ, ಹಳಿಯ ಉದ್ದಕ್ಕೂ ಬೊಟ್ಟು. ಅವಳು ಅತ್ತ ಹೋದ ಮೇಲೆ ಭಾವ, ಶುಭವಾಗಲಿ ಎಂದು ಗಾಲಿಗಳಿಗೆಲ್ಲ ಹರಳೆಣ್ಣೆ ಸುರಿದ.

ಮಾರನೆಯ ದಿನ ವಿಜಯದಶಮಿ. ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಹಲಗೆ ಬಿಗಿದು ಮಿಷನ್ ಹಾಕಿದೆ. ಹೊಟ್ಟೆಯಿಂದ ಒತ್ತಿದೆ. ಮೇಜು ಗೇಣುದ್ದ ಸರಿದು ನಿಂತಿತು. ಇನ್ನಷ್ಟು ಒತ್ತಿದೆ. ಅಲುಗಲಿಲ್ಲ. ಮಿಷನ್ ಆರಿಸಿ ಕುಸಿದು ಕೂತೆ. ಕೈ ಮಾತ್ರವಲ್ಲ, ಮೈಯೂ ಹೋಗಿದೆ ಎನಿಸಿತು. ಗಿರಿಜಳ ಎದುರೇ ಅತ್ತುಬಿಟ್ಟೆ.

"ಮಾರಿಬಿಡು ಕಣೇ. ನನ್ನ ಕೈಲಿ ಆಗಲ್ಲ."

ಭಾವ ಮೇಜಿನ ಕೆಳಗೆ ಅಂಗಾತ ಮಲಗಿ ತೆವಳಿದ. ಸ್ವಲ್ಪ ಹೊತ್ತು ಅವನ ಪಾದ ಮಾತ್ರ ಕಾಣುತ್ತಿತ್ತು. ಆಮೇಲೆ ಆ ಪಾದಗಳು ಕುಲುಕತೊಡಗಿದವು. ನಗುತ್ತಿದ್ದ. ಎದ್ದು ಬಂದವನ ಅಂಗೈ ತುಂಬ ಕೆಂಪು ಮುದ್ದೆ.

"ನಿನ್ ಮೈ ನೆಟ್ಟಗೈತೆ ಕಣಲೇ. ಪೂಜೆ ಜಾಸ್ತಿ ಆಗೈತೆ!"

ವಿಭೂತಿ, ಕುಂಕುಮ, ಹರಳೆಣ್ಣೆ, ಮರದ ಪುಡಿ ಎಲ್ಲ ಕಲಸಿ ಗಾಲಿಗಳೊಳಗೆ ಅಂಟಾಗಿ ಕೂತಿತ್ತು. "ಎಣ್ಣೆ ಹಾಕ್ದೋನು ನೀನೇ ಅಲ್ವೇನಣ್ಣ?" ಎಂದು ಗಿರಿಜ ಕೇಳಿದಳು. ಅದಕ್ಕೆ ಮಾತ್ರ ಅವನಿಗೆ ಕಿವಿ ಕೇಳಿಸಲಿಲ್ಲ. ಸೀಮೆಎಣ್ಣೆ ತರಿಸಿ ಒಂದೊಂದೇ ಗಾಲಿ ಬಿಚ್ಚಿ ತೊಳೆದ. ಮಧ್ಯಾಹ್ನದ ಹೊತ್ತಿಗೆ ಮತ್ತೆ ನಿಂತೆ, ಒರಗಿದೆ. ಮೇಜು ನೀರಿನ ಮೇಲೆ ಹೋದ ಹಾಗೆ ಹೋಯಿತು. ಹಲಗೆ ಎರಡಾಯಿತು. ಆ ಎರಡು ತುಂಡನ್ನು ನಾನು ಯಾವುದಕ್ಕೂ ಬಳಸಲಿಲ್ಲ, ಇಟ್ಟುಕೊಂಡಿದ್ದೇನೆ. ಸಂಜೆಯೇ ಪಕ್ಕದ ಮನೆಯಾಕೆಗೆ ಹೇಳಿಕಳಿಸಿದೆ: ಮಣೆ ತಗೊಂಡು ಬರ್ರಿ.

ಅಂದಿನಿಂದ ಶೆಡ್ಡಿಗೆ ಬೀಗವಿಲ್ಲ. ಆದರೆ ಭಾವನಿಗೆ ನಾನು ಏನೂ ಹೇಳಿರಲಿಲ್ಲ. 'ಧನ್ಯವಾದ' ಎಂದರೆ ಅವನು ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಾನೆ. ನಮ್ಮ ಕಡೆ ಒಳಗಿನವರಿಗೆ ಹೇಳುವ ಮಾತಲ್ಲ ಅದು. ಊಟಕ್ಕೆ ಕೂರಿಸಿ ಬೇಡವೆಂದರೂ ಇನ್ನೊಂದು ಹೋಳಿಗೆ ಹಾಕುತ್ತೇವೆ, ಅದರಲ್ಲೇ ಎಲ್ಲ ಮುಗಿಯಬೇಕು.

ಇವತ್ತು ಮಧ್ಯಾಹ್ನ ಭಾವ ಬಂದ. ಈಗ ಕಣ್ಣು ಮಂಜು. ನೇರವಾಗಿ ಶೆಡ್ಡಿಗೆ ಹೋಗಿ ಬೇವಿನ ಹಲಗೆಯನ್ನು ತಡವಿದ. ನನ್ನ ಹೊಟ್ಟೆ ಉಜ್ಜಿ ಉಜ್ಜಿ ಅದರ ಪಾಲಿಶ್ ಹೋಗಿ ನುಣುಪಾಗಿದೆ. ಬೆರಳಾಡಿಸುತ್ತ, "ಬಾಳ ಕೆಲ್ಸ ಮಾಡೀಯ ಕಣಲೇ" ಎಂದ.

ಗಿರಿಜ ಪೂಜೆಗೆ ಬಂದಳು. ಈಗ ಅವಳು ಗಾಲಿ ಮುಟ್ಟುವುದಿಲ್ಲ, ಆ ಬೇವಿನ ಹಲಗೆಗೆ ಒಂದೇ ಬೊಟ್ಟು. ನಾನು ಅವಳ ತಟ್ಟೆಯಿಂದ ಕುಂಕುಮ ತೆಗೆದುಕೊಂಡೆ, ಎಡಗೈಯಲ್ಲೇ. ಭಾವನ ಕೈ ಹಿಡಿದು ತಿರುಗಿಸಿ, ಟ್ರಾಲಿ ತಳ್ಳಿ ಜಡ್ಡುಗಟ್ಟಿದ ಆ ಅಂಗೈಗೆ ಹಚ್ಚಿದೆ. ಬೆರಳು ಜಾರಿ ಬೊಟ್ಟು ಅಂಗೈ ತುಂಬ ಹರಡಿತು.

"ಏನಲೇ ಇದು?"

"ಆಯುಧಪೂಜೆ ಕಣೋ."

ಅವನು ಬಾಗಿ ಅಂಗೈಯ ಹತ್ತಿರಕ್ಕೆ ಕಣ್ಣು ತಂದು ಸುಮಾರು ಹೊತ್ತು ನೋಡಿದ. ನನ್ನ ಹಿಡಿತದಿಂದ ಕೈ ಮಾತ್ರ ಎಳೆದುಕೊಳ್ಳಲಿಲ್ಲ.

"ಸಾಕ್ ಬಿಡಲೇ," ಎಂದ, "ಜಾಸ್ತಿ ಹಚ್ಚಿದ್ರೆ ಜಾಮ್ ಆಕೈತೆ."