ಕಾಶಿಯಲ್ಲಿ ಮಗಳು ಬಿಟ್ಟದ್ದು

ಕಾಶಿಯಲ್ಲಿ ಸಂಸಾರ ಹೂಡಿದವರಿಗೆ ನೆಂಟರ ಬರ ಎಂಬುದಿಲ್ಲ. ನಾನೂ ನನ್ನ ಗಂಡನೂ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವುದು ನಮ್ಮ ಕಡೆಯವರ ಪ್ರಕಾರ ಉಪಕಸುಬು. ಮುಖ್ಯ ಕಸುಬೆಂದರೆ ಅವರನ್ನು ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಕರೆತಂದು, ಲಂಕಾ ಬಡಾವಣೆಯ ನಮ್ಮ ಮನೆಯಲ್ಲಿ ಅನ್ನ ಸಾರು ಬಡಿಸಿ, ಗಂಗೆಯಲ್ಲಿ ಮುಳುಗಿಸಿ, ಮತ್ತೆ ರೈಲು ಹತ್ತಿಸುವುದು.

ಬಂದವರು ಸುಮ್ಮನೆ ಹೋಗುವುದಿಲ್ಲ. ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಇಲ್ಲೇ ಬಿಟ್ಟುಹೋಗಬೇಕೆಂಬ ಪದ್ಧತಿಯಿದೆಯಲ್ಲ, ಅದನ್ನು ಪಾಲಿಸಿಯೇ ಹೋಗುತ್ತಾರೆ. ಬಿಟ್ಟದ್ದನ್ನು ಸಾಯುವವರೆಗೂ ಮುಟ್ಟುವಂತಿಲ್ಲ, ಆದ್ದರಿಂದ ಬಹಳ ಯೋಚಿಸಿ ಬಿಡುತ್ತಾರೆ. ಇಷ್ಟು ವರ್ಷಗಳಲ್ಲಿ ಮಾವಿನಹಣ್ಣು ಬಿಟ್ಟವರನ್ನು ನಾನು ಕಂಡಿಲ್ಲ, ಕಾಫಿ ಬಿಟ್ಟವರ ಸುದ್ದಿಯನ್ನೂ ಕೇಳಿಲ್ಲ. ಹಾಗಲಕಾಯಿ ಬಿಟ್ಟವರು ಮಾತ್ರ ಬೇಕಾದಷ್ಟು. ಮೊನ್ನೆ ಬಂದ ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಸಿಹಿಗುಂಬಳ ಬಿಡುವುದೆಂದು ರೈಲಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದರು. ತಮ್ಮ ಮದುವೆಯ ಊಟದಲ್ಲೇ ಅವರು ಅದನ್ನು ಎಲೆಯ ಅಂಚಿಗೆ ತಳ್ಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಅಕ್ಕ ಬಂದ ಮರುದಿನವೇ, ತಿಂಡಿಯ ಹೊತ್ತಿಗೆ ನನ್ನ ಮಗಳು ಮಾತ್ರೆ ನುಂಗುವುದು ಅವಳ ಕಣ್ಣಿಗೆ ಬಿತ್ತು. ಮಗಳಿಗೆ ಕಾಲೇಜು ಮುಗಿಸುವ ವಯಸ್ಸು, ಓದು ಅರ್ಧಕ್ಕೆ ನಿಂತಿದೆ. ಅವಳ ಕಾಯಿಲೆಗೆ ಡಾಕ್ಟರು ಬೈಪೋಲಾರ್ ಎನ್ನುತ್ತಾರೆ. ಕೆಲವು ವಾರ ನಿದ್ದೆ ಬೇಡ, ಊಟ ಬೇಡ, ಲೋಕವೆಲ್ಲ ತನ್ನದೇ ಎಂಬ ಹಾರಾಟ. ಆಮೇಲೆ ಹಾಸಿಗೆಯಿಂದ ಏಳಲಾಗದಷ್ಟು ಕತ್ತಲು. ನಮ್ಮ ನೆಂಟರು ಡಾಕ್ಟರಿಗಿಂತ ತಿಳಿದವರು. ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ಮೊಬೈಲು ಎಂದರು. ಮನೆಯಲ್ಲೂ ಹಿಂದಿ ಮಾತಾಡಿದ್ದರಿಂದ ಬಂತು ಎಂದವರೂ ಇದ್ದಾರೆ.

"ಇಷ್ಟು ಚಿಕ್ಕ ವಯಸ್ಸಿಗೆ ಮಾತ್ರೆ ಏನೇ? ಗಂಗೇಲಿ ನಿಂತು ಸಂಕಲ್ಪ ಮಾಡಿ ಬಿಟ್ಟುಬಿಡ್ಲಿ. ಕಾಶೀಲಿ ಬಿಟ್ಟಿದ್ದು ಬಿಟ್ಟಿದ್ದೇ ಕಣೇ," ಎಂದಳು ಅಕ್ಕ.

ಹಿಂದೊಮ್ಮೆ ಮಗಳು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ್ದಳು. ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಬರಿಗಾಲಲ್ಲಿ, ಕಂಡಕಂಡವರಿಗೆ ಬಳೆ ಬಿಚ್ಚಿ ಕೊಡುತ್ತ. ಇನ್ನೊಮ್ಮೆ ಹಾಗಾದರೆ ಜೀವಸಹಿತ ಸಿಗುತ್ತಾಳೋ ಇಲ್ಲವೋ.

"ಮಾತ್ರೆ ವಿಷಯಕ್ಕೆ ಮಾತ್ರ ಬರಬೇಡ ಅಕ್ಕ," ಎಂದೆ.

ಅಕ್ಕ ಭಾವನ ಕಡೆ ನೋಡಿದಳು. ಭಾವ ಉಪ್ಪಿಟ್ಟಿನ ಕಡೆ ನೋಡಿದರು. ಎಲ್ಲವನ್ನೂ ಕೇಳಿಸಿಕೊಂಡ ಮಗಳು, "ನಾನೂ ಘಾಟಿಗೆ ಬರ್ತೀನಿ ದೊಡ್ಡಮ್ಮ," ಎಂದುಬಿಟ್ಟಳು. ನನ್ನ ಗಂಡನಿಗೆ ಆ ಬೆಳಿಗ್ಗೆ ಇದ್ದಕ್ಕಿದ್ದಂತೆ ಪಾಠಗಳು ಹೆಚ್ಚಾದವು.

ಬಂಗಾಲಿ ಟೋಲಾದ ಗಲ್ಲಿ ಹಾದು ಘಾಟಿಗೆ ಇಳಿದೆವು. ಅಲ್ಲಿನ ಪುರೋಹಿತರಿಗೆ ದಕ್ಷಿಣೆಗೆ ಬೇಕಾದಷ್ಟು ಕನ್ನಡ ಬರುತ್ತದೆ. ಭಾವ ಸಿಹಿಗುಂಬಳವನ್ನು ತ್ಯಜಿಸಿ, ರಾಜ್ಯವನ್ನೇ ಬಿಟ್ಟುಕೊಟ್ಟವರ ಮುಖ ಹೊತ್ತು ಮೇಲೆ ಬಂದರು. ಅಕ್ಕ ಲಿಚಿ ಹಣ್ಣು ಬಿಟ್ಟಳು. ಅವಳ ಊರಿನ ಸಂತೆ ಅದರ ಮುಖವನ್ನೇ ಕಂಡಿಲ್ಲ.

ಮಗಳು ನೀರಿಗಿಳಿದಳು. ತಡೆದರೆ ಹಠಕ್ಕೆ ಬಿದ್ದು ಮಾತ್ರೆ ಬಿಟ್ಟೇಬಿಡುತ್ತಾಳೆ, ತಡೆಯದಿದ್ದರೆ ಅಕ್ಕನ ಮಾತಿಗೆ ಬೀಳುತ್ತಾಳೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳಂತೆ ನಿಂತೆ.

"ಏನು ಬಿಡ್ತೀಯ ಬಿಟಿಯಾ? ಹಣ್ಣಾ, ಸಬ್ಜಿನಾ?" ಎಂದರು ಪುರೋಹಿತರು.

"ಮಾತ್ರೆ ಅಂತ ಹೇಳೇ," ಅಕ್ಕ ಮೆಟ್ಟಿಲ ಮೇಲಿನಿಂದ ಕೂಗಿದಳು.

"ಅದು ಹೇಗಾಗುತ್ತೆ ದೊಡ್ಡಮ್ಮ? ಇಷ್ಟ ಆಗಿದ್ದನ್ನ ತಾನೇ ಬಿಡಬೇಕು? ಮಾತ್ರೆ ನಂಗೆ ಬಿಲ್ಕುಲ್ ಇಷ್ಟ ಇಲ್ಲ. ಕೈ ನಡುಗುತ್ತೆ, ಮೈ ದಪ್ಪ ಆಗುತ್ತೆ, ತಲೆಯೊಳಗೆ ಹತ್ತಿ ತುರುಕಿದ ಹಾಗಿರುತ್ತೆ. ಅದನ್ನ ಬಿಟ್ರೆ ಗಂಗಾಮಾಯಿಗೆ ಚೀಟಿಂಗ್ ಮಾಡಿದ ಹಾಗೆ."

ಭಾವ ಕೆಮ್ಮಿದರು. ನನಗೆ ಅಲ್ಲೇ ಕುಣಿದುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಮಗಳು ನನ್ನ ಕಡೆ ತಿರುಗಿದಳು.

"ನಂಗೆ ಇಷ್ಟ ಆಗಿದ್ದು ಆ ನಿದ್ದೆ ಇಲ್ಲದ ದಿನಗಳು, ಅಮ್ಮ. ನಿಮಗೆಲ್ಲ ಭಯ ಆಗ್ತಿತ್ತು, ಗೊತ್ತು. ಆದ್ರೆ ನಂಗೆ ಅಷ್ಟು ಖುಷಿ ಯಾವತ್ತೂ ಆಗಿಲ್ಲ, ಇನ್ನು ಆಗೋದೂ ಇಲ್ಲ. ನಾನು ಬಿಡೋದು ಅದನ್ನೇ."

ಮೂಗು ಹಿಡಿದು ಮುಳುಗಿದಳು. ಇದು ಹಣ್ಣಿಗೆ ಸೇರಿದ್ದೋ ತರಕಾರಿಗೆ ಸೇರಿದ್ದೋ ತಿಳಿಯದ ಪುರೋಹಿತರು ಎರಡಕ್ಕೂ ಸಲ್ಲುವಂಥ ಮಂತ್ರವೊಂದನ್ನು ಹೇಳಿ ಮುಗಿಸಿದರು.

ಈ ಕಾಯಿಲೆ ಸಂಕಲ್ಪಕ್ಕೆ ಬಗ್ಗುವಂಥದ್ದಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೆ ದಿನಾ ಅವಳ ಅಂಗೈಗೆ ಮಾತ್ರೆ ಹಾಕುವಾಗ, ಕಾಯಿಲೆಯನ್ನು ಓಡಿಸುತ್ತಿದ್ದೇನೆಂದಷ್ಟೇ ನಾನು ತಿಳಿದಿದ್ದೆ. ಅದರ ಜೊತೆಗೆ ಅವಳ ಬದುಕಿನ ಅತಿ ದೊಡ್ಡ ಸಂತೋಷವನ್ನೂ ಬಿಟ್ಟುಕೊಡೆಂದು ಕೇಳುತ್ತಿದ್ದೆ, ಅವಳು ತುಟಿ ಪಿಟಕ್ಕೆನ್ನದೆ ದಿನಾ ಕೊಡುತ್ತಿದ್ದಳು. ಘಾಟಿನ ಮೆಟ್ಟಿಲ ಮೇಲೆ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಅಕ್ಕ ಪಕ್ಕಕ್ಕೆ ಬಂದು ನನ್ನ ಬೆನ್ನು ಸವರಿದಳು, ಇಷ್ಟು ವರ್ಷ ಕಾಶಿಯಲ್ಲಿದ್ದದ್ದಕ್ಕೆ ಕೊನೆಗೂ ತಂಗಿಗೆ ಭಕ್ತಿ ಹುಟ್ಟಿತೆಂದು ಸಂತೋಷಪಟ್ಟಳು.