ಪೆಟ್ಟಿಗೆಯಲ್ಲಿ ಉಳಿದ ಕೈಗವಸು

ಸಂಜೆ ಕೆಲಸದಿಂದ ಬಂದು ಬ್ಯಾಗಿನಿಂದ ಟಿಫಿನ್ ಡಬ್ಬಿ ತೆಗೆಯುವಾಗ ನನ್ನ ಕೈಗವಸು ನೆಲಕ್ಕೆ ಬಿತ್ತು. ಒಂದೇ ಒಂದು. ಅಮ್ಮ ಮೂಗು ಮುಚ್ಚಿಕೊಂಡಳು.

"ಥೂ, ದುರ್ಗಿಗುಡಿ ಬೀದಿ ತುಂಬಾ ಎಣ್ಣೆ ವಾಸ್ನೆ ಮಾಡಿದ್ಯಲ್ಲೋ! ಇನ್ನೊಂದೆಲ್ಲಿ?"

ಬ್ಯಾಗನ್ನು ಬೋರಲು ಹಾಕಿದೆ. ಇರಲಿಲ್ಲ. ಅದು ಎಲ್ಲಿರಬಹುದೆಂದು ಹೊಳೆದದ್ದೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಒಂದು ಕೈಗವಸಿಗೆ ಇಷ್ಟು ಹೆದರುವುದೇ ಎಂದು ನಗಬೇಡಿ. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಒಂದು ಎರಕದ ಕಾರ್ಖಾನೆಯಲ್ಲಿ ನನಗೆ ಕೆಲಸ. ಕಾರಿನ ಬ್ರೇಕಿಗೆ ಬೇಕಾದ ಡ್ರಮ್ ಎರಕ ಹೊಯ್ಯುತ್ತೇವೆ. ಅದಕ್ಕೊಂದು ಅಚ್ಚು ಬೇಕು, ಸಂಕ್ರಾಂತಿಯ ಸಕ್ಕರೆ ಗೊಂಬೆಗೆ ಮರದ ಅಚ್ಚು ಬೇಕಲ್ಲ, ಹಾಗೆ. ನಮ್ಮ ಬೀದಿಯಲ್ಲಿ ಆ ಮರದ ಅಚ್ಚು ಇದ್ದದ್ದು ಒಬ್ಬರ ಮನೆಯಲ್ಲಿ ಮಾತ್ರ. ಅವರು ಯಾರಿಗೆ ಕೊಟ್ಟರೋ ಅವರ ಮನೆಯಲ್ಲಿ ಅಂದು ಪಾಕದ ಘಮ. ವಾಪಸು ಕೇಳಿದರೆ ಮುಗಿಯಿತು. ನಮ್ಮ ಕಬ್ಬಿಣದ ಅಚ್ಚೂ ಕಾರ್ಖಾನೆಯದಲ್ಲ, ಕಾರು ಕಂಪನಿಯದು.

ನಾನು ಹೊಸದಾಗಿ ಸೇರಿದ್ದಾಗ ಅದು ದೊಡ್ಡ ಮರದ ಪೆಟ್ಟಿಗೆಯಲ್ಲಿ ವಿದೇಶದಿಂದ ಬಂತು. ಮುಚ್ಚಳ ತೆಗೆದರೆ ಅಚ್ಚಿನ ಪಕ್ಕದಲ್ಲಿ ಯಾರೋ ಮರೆತ ಕೈಗವಸು. ನನಗೆ ಕೆಲಸ ಕಲಿಸಿದ ಭದ್ರಾವತಿಯ ಸೆಲ್ವಿಯಕ್ಕ ಅದನ್ನು ತೊಟ್ಟು ಕೈ ಎತ್ತಿದಳು. ಮೊಣಕೈವರೆಗೂ ಬಂತು.

"ಅಯ್ಯೋ ಸಾಮಿ, ಯಾವ ರಾಕ್ಷಸಂದು ಸಾರ್ ಇದು?"

ಸೂಪರ್‌ವೈಸರ್ ರುದ್ರಪ್ಪನವರು ನಕ್ಕರು. "ಅವನೊಬ್ಬನ ಸಂಬಳದಲ್ಲಿ ನಿಮ್ಮಂಥೋರು ಒಂದು ಗುಂಪೇ ಸಿಗುತ್ತಲ್ಲಮ್ಮ, ಅದಕ್ಕೇ ಈ ಅಚ್ಚು ಇಲ್ಲಿಗೆ ಬಂದಿರೋದು."

ಎಲ್ಲರೂ ನಕ್ಕೆವು. ಮೈಸೂರುಪಾಕು ಹಂಚಿದರು. ನಾನು ಎರಡು ತಿಂದೆ. ದಿನಚರಿಯಲ್ಲಿದೆ.

ನನಗೆ ಎಲ್ಲದಕ್ಕೂ ಗೀಟು ಹಾಕುವ ಚಟ. ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕ ದಿನಕ್ಕೂ ಒಂದು ಗೀಟು. ಆ ಅಚ್ಚು ಬಂದ ಮೇಲೆ ತಿಂಗಳುಗಟ್ಟಲೆ ಗೀಟೇ ಬೀಳಲಿಲ್ಲ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೇಟಿನೆದುರಿನ ಚಿತ್ರಾನ್ನದ ಗಾಡಿ ಹೋಟೆಲಾಯಿತು. ಗಂಡ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಂದಿನಿಂದ ಒಬ್ಬಳೇ ಮನೆ ನಡೆಸುತ್ತಿದ್ದ ಸೆಲ್ವಿಯಕ್ಕ ಮಗಳನ್ನು ನರ್ಸಿಂಗಿಗೆ ಸೇರಿಸಿದಳು.

ಈ ಮಳೆಗಾಲದಿಂದ ಮತ್ತೆ ಸೀಟು ಸಿಗತೊಡಗಿತು. ಮೊದಮೊದಲು ಖುಷಿಪಟ್ಟೆ, ನನ್ನ ಬುದ್ಧಿಗಿಷ್ಟು! ಈ ತಿಂಗಳು ಗೀಟಿಲ್ಲದ ದಿನವೇ ಇಲ್ಲ. ಪಕ್ಕದ ಸೀಟೂ ಖಾಲಿ. ಈಗ ಬಸ್ ಹತ್ತಿದೊಡನೆ, ನಿಂತವರು ಒಬ್ಬರಾದರೂ ಇದ್ದಾರೆಯೇ ಎಂದು ನೋಡುತ್ತೇನೆ.

ಇವತ್ತು ಅಚ್ಚನ್ನು ಒರೆಸಿ, ತುಕ್ಕು ಹಿಡಿಯದಂತೆ ಎಣ್ಣೆ ಬಳಿದು ಪೆಟ್ಟಿಗೆಯಲ್ಲಿ ಇಡಲು ಹೇಳಿದರು.

"ರಿಪೇರಿಗಾ ಸಾರ್?" ಸೆಲ್ವಿಯಕ್ಕ ಕೇಳಿದಳು.

ರುದ್ರಪ್ಪನವರು ಅವಳ ಮುಖ ನೋಡಲಿಲ್ಲ. "ಇಲ್ಲಮ್ಮ. ನಮಗಿಂತ ಕಮ್ಮಿ ಕೂಲಿ ಇರೋ ದೇಶಕ್ಕೆ. ಕಾಂಟ್ರಾಕ್ಟ್‌ನೋರಿಗೆ ಈ ತಿಂಗಳವರೆಗೇ ಕೆಲಸ. ಆಮೇಲೆ ನಮ್ದೂ ಏನೋ, ಗೊತ್ತಿಲ್ಲ."

ಸೆಲ್ವಿಯಕ್ಕ ಕಾಂಟ್ರಾಕ್ಟಿನವಳು. ಎಣ್ಣೆ ಬಟ್ಟೆ ಹಿಡಿದೇ ನಿಂತಳು.

"ನಮಗಿಂತ ಕಮ್ಮಿಗೆ ಹೆಂಗ್ ಸಾರ್ ಬದುಕ್ತಾರೆ?"

ಮುಚ್ಚಳ ಮುಚ್ಚುವ ಮುಂಚೆ ಅವಳೇ ಹೇಳಿದಳು: "ಎಲ್ರೂ ಗ್ಲೌಸ್ ನೋಡ್ಕೊಳ್ರಪ್ಪ, ಒಳಗೆ ಬಿಡ್ಬೇಡಿ. ನಮ್ ಕೈ ನೋಡಿ ಯಾರೂ ನಗೋದ್ ಬೇಡ."

"ಎಲ್ಲಾ ಸರಿಯಿದೆ ಅಕ್ಕ" ಎಂದು ಮೊಳೆ ಹೊಡೆಸಿದವನು ನಾನು. ಎಲ್ಲದಕ್ಕೂ ಗೀಟು ಹಾಕಿ ಲೆಕ್ಕ ಇಡುವವನು ತಾನೆ!

ಪೆಟ್ಟಿಗೆ ಹೊತ್ತ ಲಾರಿ ಆಗಲೇ ಹೋಗಿದೆ.

"ಒಂದು ಗ್ಲೌಸ್ ತಾನೆ, ನಾಳೆ ಕೇಳಿದ್ರೆ ಬೇರೆ ಕೊಡಲ್ವಾ ಮಾರಾಯ?" ಎನ್ನುತ್ತಾಳೆ ಅಮ್ಮ. ಅವಳಿಗೆ ಇನ್ನೂ ಏನೂ ಹೇಳಿಲ್ಲ.

ಉಳಿದದ್ದನ್ನು ತೊಟ್ಟು ಕೂತಿದ್ದೇನೆ. ಎಲ್ಲೋ ಒಂದೂರಲ್ಲಿ ಮುಚ್ಚಳ ತೆಗೆದು ಯಾರೋ ಇದರ ಜೋಡಿಯನ್ನು ತೊಟ್ಟು ಕೈ ಎತ್ತುತ್ತಾಳೆ. ಸಡಿಲವೋ ಬಿಗಿಯೋ, ಎಲ್ಲರೂ ನಗುತ್ತಾರೆ. ಸಿಹಿ ಹಂಚುತ್ತಾರೆ. ಆ ಊರಿನ ಬಸ್ಸಿನಲ್ಲಿ ಮರುದಿನದಿಂದ ಯಾರಿಗೂ ಸೀಟು ಸಿಗುವುದಿಲ್ಲ.